ಸೋಲಾರ್‌ಗೆ ಜಮೀನು ಕೊಟ್ಟಾಯ್ತು, 25 ವರ್ಷ ಆದ್ಮೇಲೆ ಮಣ್ಣು ಹೆಂಗಿರುತ್ತೆ ಅಂತ ನೋಡೋಕೆ ದುಡ್ಡು ಹಾಕೋರು ಯಾರು?

ಕೆಂಪುಮಣ್ಣು

ಎಲ್ರಿಗೂ ನಮಸ್ಕಾರ. ಪೋಸ್ಟ್ ಉದ್ದ ಇದೆ, ಆದ್ರೂ ಪೂರ್ತಿ ಓದಿ, ಇಲ್ಲಿ ಯಾರಿಗಾದ್ರೂ ದಾರಿ ಗೊತ್ತಿರಬಹುದು ಅಂತ ಬರೀತಿದೀನಿ.

ನಮ್ಮೂರು ತುಮಕೂರು-ಚಿತ್ರದುರ್ಗದ ಕಡೆ, ಬಯಲುಸೀಮೆ. ಪಾವಗಡದ ದೊಡ್ಡ ಸೋಲಾರ್ ಪಾರ್ಕ್ ಅಲ್ಲ, ಅದಕ್ಕಿಂತ ಬಹಳ ಚಿಕ್ಕ ಖಾಸಗಿ ಪ್ಲಾಂಟ್. ಊರಿನ ಹೆಸರು, ಕಂಪನಿ ಹೆಸರು ಹಾಕಲ್ಲ, ನನಗೆ ಜಗಳ ಬೇಕಿಲ್ಲ, ಉತ್ತರ ಬೇಕು. ನಾಲ್ಕು ಎಕರೇಲಿ ಮೂರು ಎಕರೆನ ನಮ್ಮಪ್ಪ ಲೀಸ್‌ಗೆ ಕೊಟ್ಟು ಆರು ವರ್ಷ ಆಯ್ತು. ಕೊಟ್ಟಿದ್ದು ತಪ್ಪು ಅಂತ ನಾನು ಹೇಳಲ್ಲ. ಮಳೆ ಕೈಕೊಟ್ಟು, ಮೂರು ಬೋರ್ ಫೇಲ್ ಆಗಿ, ಕಡ್ಲೆಕಾಯಿ ಬೀಜದ ಸಾಲಾನೂ ತೀರದೆ ಕೂತಿರೋ ಮನೆಗೆ ವರ್ಷಾ ವರ್ಷ ಬಾಡಿಗೆ ಬರುತ್ತೆ ಅಂದ್ರೆ ಯಾರು ಬೇಡ ಅಂತಾರೆ. ಆ ದುಡ್ಡಲ್ಲೇ ನನ್ನ ತಂಗಿ ಡಿಗ್ರಿ ಮುಗಿಸಿದ್ದು. ಉಳಿದ ಒಂದು ಎಕರೆ ಅವ್ವ ಬಿಡಲಿಲ್ಲ, ಅದ್ರಲ್ಲಿ ಹಳೇ ಬಾವಿ, ಎರಡು ಹೊಂಗೆ ಮರ ಇವೆ.

ಅಗ್ರಿಮೆಂಟ್‌ನಲ್ಲಿ ಒಂದು ಸಾಲು ಇದೆ, ಅವಧಿ ಮುಗಿದ್ಮೇಲೆ ಜಮೀನನ್ನ ಮೊದಲಿದ್ದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು ಅಂತ. ಆದ್ರೆ ಆ ಮೊದಲಿದ್ದ ಸ್ಥಿತಿ ಯಾವುದು? ಯಾರ ಹತ್ರಾನೂ ಒಂದು ಕಾಗದ ಇಲ್ಲ. ಕೆಲಸ ಶುರು ಆದ ವಾರ ಗ್ರೇಡರ್ ಬಂದು ನಮ್ಮ ತಾತ ಹಾಕಿದ್ದ ಬದು ಎಲ್ಲ ಸಮ ಮಾಡಿಬಿಡ್ತು. ಮೇಲ್ಮಣ್ಣು ಎಲ್ಲಿ ಹೋಯ್ತು, ಯಾವುದರ ಕೆಳಗೆ ಹೂತು ಹೋಯ್ತು ಅಂತ ಅಪ್ಪನಿಗೂ ಗೊತ್ತಿಲ್ಲ. ಈಗ ಜೋರು ಮಳೆ ಬಂದ್ರೆ ಪ್ಯಾನೆಲ್ ಅಂಚಿಂದ ಸುರಿಯೋ ನೀರು ಒಂದೇ ಗೆರೇಲಿ ಬೀಳುತ್ತೆ, ಆ ಗೆರೆ ಕೊರೆದು ಚಿಕ್ಕ ಕಾಲುವೆ ಥರ ಆಗಿ, ಬೇಲಿ ಕೆಳಗಿಂದ ನಮ್ಮ ಉಳಿದ ಎಕರೆಗೆ ಬಿಳೀ ಗರಸು ಬಂದು ಕೂರುತ್ತೆ.

ಇನ್ನೊಂದು ಸಣ್ಣ ವಿಷಯ ಅನ್ನಿಸಬಹುದು, ನಮ್ಮ ಮನೇಲಿ ಸಣ್ಣದಲ್ಲ. ಮುಂಗಾರು ಬಿದ್ದು ಹದಿನೈದು ದಿನಕ್ಕೆ ಅವ್ವ ಹೊಲಕ್ಕೆ ಹೋಗಿ ಮಡಿಲು ತುಂಬ ಬೆರಕೆ ಸೊಪ್ಪು ತರ್ತಿತ್ತು. ಅಣ್ಣೆಸೊಪ್ಪು, ಗೋಣಿಸೊಪ್ಪು, ಕನ್ನೆ, ಗಣಿಕೆ, ಕಿರಕಸಾಲೆ ಎಲ್ಲ ಸೇರಿಸಿ ಬಸ್ಸಾರು. ಯಾರೂ ಬಿತ್ತಿದ್ದಲ್ಲ, ತಾನೇ ಹುಟ್ಟಿದ್ದು. ಈಗ ಬೇಲಿ ಒಳಗೆ ನೋಡಿದ್ರೆ ಬರೀ ಕಾಂಗ್ರೆಸ್ ಗಿಡ, ಅದಕ್ಕೂ ವರ್ಷಕ್ಕೆ ಎರಡು ಸಲ ಔಷಧಿ ಹೊಡೀತಾರೆ.

ಮೂರು ಕಡೆ ಕೇಳಿದೆ. ಸೈಟ್ ಆಫೀಸಲ್ಲಿ ಸಿಎಸ್‌ಆರ್‌ನಲ್ಲಿ (ಕಂಪನಿ ಲಾಭದಲ್ಲಿ ಸಮಾಜದ ಕೆಲಸಕ್ಕೆ ಅಂತ ಇಡೋ ದುಡ್ಡು) ಶಾಲೆಗೆ ಬೆಂಚು ಕೊಟ್ಟಿದೀವಿ, ಶುದ್ಧ ನೀರಿನ ಘಟಕ ಹಾಕಿದೀವಿ ಅಂದ್ರು. ಕೊಟ್ಟಿರೋದು ನಿಜ, ನಮ್ಮ ಕಡೆ ನೀರಲ್ಲಿ ಫ್ಲೋರೈಡ್ ಇರೋದ್ರಿಂದ ಅದು ಬೇಕಾಗಿತ್ತು ಕೂಡ. ಇನ್ನೊಂದು ಕಚೇರೀಲಿ ಲೀಸ್‌ಗೆ ಹೋದ ಜಮೀನು ಈಗ ಕೃಷಿ ಅಲ್ಲ, ಮಣ್ಣು ಪರೀಕ್ಷೆ ಲೆಕ್ಕಕ್ಕೆ ಬರಲ್ಲ ಅಂದ್ರು. ಮೂರನೇ ಕಡೆ ಪ್ರಾಜೆಕ್ಟ್ ಬಂದ್ರೆ ಮಾಡ್ತೀವಿ, ಪ್ರಾಜೆಕ್ಟ್ ಇಲ್ಲ ಅಂದ್ರು. ಪ್ರಾಜೆಕ್ಟ್ ಅಂದ್ರೆ ದುಡ್ಡು ತಾನೆ? ಆ ದುಡ್ಡು ಎಲ್ಲಿಂದ ಬರಬೇಕು, ಯಾರು ಕೇಳಬೇಕು, ದಯವಿಟ್ಟು ಹೇಳಿ.

ಹೊಂಗೆನೆರಳು

ನನ್ನ ತವರುಮನೆ ಜಮೀನೂ ಹಿಂಗೇ ಹೋಗಿದೆ, ಬೇಲಿ ಆಚೆ. ಸೊಪ್ಪಿನ ವಿಷಯ ಓದಿ ಕಣ್ಣು ತುಂಬ್ತು. ಫಾಲೋ ಮಾಡ್ತಿದೀನಿ.

ಗ್ರಿಡ್_ಕೆಲಸದವ

ನಾನು ಸೋಲಾರ್ ಪ್ಲಾಂಟ್‌ಗಳಲ್ಲೇ ಒಂಬತ್ತು ವರ್ಷದಿಂದ ಇರೋದು, ಹಾಗಾಗಿ ಆ ಕಡೆಯ ಮಾತೂ ಇರಲಿ ಅಂತ ಬರೀತೀನಿ. ಪಾವಗಡ ಪಾರ್ಕ್ ತಗೊಳ್ಳಿ, 2,050 ಮೆಗಾವ್ಯಾಟ್, ಸುಮಾರು 13,000 ಎಕರೆ, ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಐದು ಊರು. ಜಮೀನು ಕಿತ್ಕೊಂಡಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರು ಮಾಡಿ ಎರಡು ವರ್ಷಕ್ಕೊಮ್ಮೆ 5% ಏರಿಸೋ ಲೀಸ್. ಇಷ್ಟು ಕರೆಂಟನ್ನ ಕಲ್ಲಿದ್ದಲಿಂದ ತೆಗೆದಿದ್ರೆ ಎಷ್ಟು ಹಾರುಬೂದಿ ಬರ್ತಿತ್ತು ಯೋಚನೆ ಮಾಡಿ. ಮಣ್ಣಿನ ಸ್ಟಡಿ ಬೇಡ ಅಂತಲ್ಲ, ಆದ್ರೆ ಈ ಫೀಲ್ಡ್‌ನಲ್ಲಿ ಟ್ಯಾರಿಫ್ (ಯೂನಿಟ್ ರೇಟ್) ಎಷ್ಟು ಟೈಟ್ ಅಂದ್ರೆ 2017ರಲ್ಲೇ ರಾಜಸ್ಥಾನದ ಭಡ್ಲಾದಲ್ಲಿ 2.44 ರೂಪಾಯಿಗೆ ಬಿಡ್ ಹೋಯ್ತು, ಅಷ್ಟರಲ್ಲಿ ಸಾಲದ ಕಂತು, ಬಾಡಿಗೆ, ಮೆಂಟೆನೆನ್ಸ್ ಎಲ್ಲ ಆಗಬೇಕು. ಮೇಲಿಂದ ಮೇಲೆ ಒಂದೊಂದು ಸೆಸ್ ಹಾಕ್ತಾ ಹೋದ್ರೆ ಯೋಜನೇನೇ ಬರಲ್ಲ, ಆಗ ರೈತರಿಗೂ ಬಾಡಿಗೆ ಇಲ್ಲ.

ಲೆಕ್ಕದ_ಪುಸ್ತಕ

ಗ್ರಿಡ್ ಸರ್, ನೀವು ಹೇಳಿದ ಟ್ಯಾರಿಫ್ ಮೇಲೇ ಲೆಕ್ಕ ಹಾಕೋಣ. ಒಂದು ಮೆಗಾವ್ಯಾಟ್ ಪ್ಲಾಂಟ್ 20% ಸಿಯುಎಫ್‌ನಲ್ಲಿ (ಪೂರ್ತಿ ಸಾಮರ್ಥ್ಯದಲ್ಲಿ ವರ್ಷವಿಡೀ ಓಡಿದ್ರೆ ಬರೋದ್ರಲ್ಲಿ 20%) ಓಡಿದ್ರೂ ವರ್ಷಕ್ಕೆ ಸುಮಾರು 17.5 ಲಕ್ಷ ಯೂನಿಟ್. 2,050 ಮೆಗಾವ್ಯಾಟ್‌ಗೆ ಹತ್ತಿರತ್ತಿರ 359 ಕೋಟಿ ಯೂನಿಟ್. ಯೂನಿಟ್‌ಗೆ ಒಂದೇ ಒಂದು ಪೈಸೆ ತೆಗೆದಿಟ್ರೆ ವರ್ಷಕ್ಕೆ 3.59 ಕೋಟಿ ರೂಪಾಯಿ. 244 ಪೈಸೇಲಿ ಒಂದು ಪೈಸೆ. ಈ ದುಡ್ಡಲ್ಲಿ ಎಷ್ಟು ಜನ ಹುಡುಗರು ಹೊಲದಲ್ಲಿ ನಿಂತು ಮಣ್ಣು ನೋಡಬಹುದು ಅಂತ ಮಣ್ಣಿನವರೇ ಹೇಳಲಿ.

ಸಿಎಸ್‌ಆರ್ ಬಗ್ಗೆ ಒಂದು ಮಾತು, ಯಾಕಂದ್ರೆ ತುಂಬ ಜನ ಅದೊಂದೇ ದಾರಿ ಅಂದ್ಕೊಂಡಿದಾರೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಖರ್ಚು ಮಾಡಬೇಕು. ಏನೇನಕ್ಕೆ ಮಾಡಬಹುದು ಅನ್ನೋ ಏಳನೇ ಶೆಡ್ಯೂಲ್‌ನಲ್ಲಿ ಮಣ್ಣು, ಗಾಳಿ, ನೀರಿನ ಗುಣಮಟ್ಟ ಕಾಪಾಡೋದು ಅಂತ ಬರೆದೇ ಇದೆ. ಅಂದ್ರೆ ಕಾನೂನಲ್ಲಿ ಅಡ್ಡಿ ಇಲ್ಲ, ಸೈಟ್ ಆಫೀಸಿನವರು ಮಾಡಕ್ಕಾಗಲ್ಲ ಅಂದ್ರೆ ಈ ಸಾಲು ತೋರ್ಸಿ. ಆದ್ರೆ ಎರಡು ತೊಂದರೆ. ಒಂದು, ಎಷ್ಟೋ ಪ್ಲಾಂಟ್‌ಗಳು ಒಂದೊಂದೂ ಬೇರೆ ಬೇರೆ ಕಂಪನಿ ಹೆಸರಲ್ಲಿ ಇರುತ್ತೆ, ಮೊದಲ ವರ್ಷಗಳಲ್ಲಿ ಡಿಪ್ರಿಸಿಯೇಷನ್ (ಯಂತ್ರಗಳ ಸವಕಳಿ), ಬಡ್ಡಿ ಕಳೆದ್ಮೇಲೆ ಲಾಭಾನೇ ಕಾಣಲ್ಲ, 5 ಕೋಟಿ ನಿವ್ವಳ ಲಾಭದ ಮಿತಿ ಮುಟ್ಟೋದೇ ಇಲ್ಲ. ಎರಡು, ಸಿಎಸ್‌ಆರ್ ಅಂದ್ರೆ ಫೋಟೋ ತೆಗೆಸ್ಕೊಳ್ಳೋ ಥರದ ಕೆಲಸ ಹುಡುಕ್ತಾರೆ. ಬೆಂಚಿಗೆ ಹೆಸರು ಬರೆಸಬಹುದು, ಮಣ್ಣಿನ ಸಾವಯವ ಇಂಗಾಲಕ್ಕೆ ಹೆಸರು ಬರೆಸೋಕಾಗಲ್ಲ.

ಕಲ್ಲಿದ್ದಲ ಸೆಸ್ ಕಥೇನೂ ಗೊತ್ತಿರಲಿ. 2010ರಲ್ಲಿ ಟನ್‌ಗೆ 50 ರೂಪಾಯಿ ಅಂತ ಶುರು ಮಾಡಿದ್ರು, ಶುದ್ಧ ಇಂಧನ ಮತ್ತು ಅದರ ಸಂಶೋಧನೆಗೆ ಅಂತಾನೇ ಒಂದು ನಿಧಿ ಇತ್ತು, 2016ಕ್ಕೆ 400 ರೂಪಾಯಿ ಆಯ್ತು, 2017ರಲ್ಲಿ ಜಿಎಸ್‌ಟಿ ಬಂದಾಗ ಆ ಹಣ ರಾಜ್ಯಗಳ ನಷ್ಟ ತುಂಬೋ ಲೆಕ್ಕಕ್ಕೆ ಹೋಯ್ತು. ಅದಕ್ಕೇ ನಾನು ಹೇಳೋದು, ದುಡ್ಡು ಕೂಡಿಸಿದ್ರೆ ಸಾಲದು, ಅದನ್ನ ಬೇರೆ ಕಡೆ ತಿರುಗಿಸೋಕಾಗದ ಹಾಗೆ ಕಟ್ಟಿಡಬೇಕು.

ಪ್ರೊಫೈಲ್_ಗುಂಡಿ

ಮಣ್ಣು ವಿಜ್ಞಾನದಲ್ಲಿ ಪಿಎಚ್‌ಡಿ ಮಾಡ್ತಿದೀನಿ, ಎಲ್ಲಿ ಅಂತ ಬೇಡ. ಲೆಕ್ಕದ ಪುಸ್ತಕದವರು ಕೇಳಿದ್ದಕ್ಕೆ ಉತ್ತರ: 3.59 ಕೋಟಿ ಅಂದ್ರೆ ನಮಗೆ ಹಬ್ಬ. ನಮ್ಮ ಲ್ಯಾಬಿಗೆ ಬಂದ ಪ್ರಾಜೆಕ್ಟ್‌ಗಳು ಅದರ ಹತ್ತರಲ್ಲಿ ಒಂದು ಭಾಗಾನೂ ನೋಡಿಲ್ಲ.

ಆದ್ರೆ ಮೊತ್ತಕ್ಕಿಂತ ಅವಧಿ ಮುಖ್ಯ, ಇದನ್ನ ದಯವಿಟ್ಟು ಎಲ್ರೂ ಅರ್ಥ ಮಾಡ್ಕೊಳ್ಳಿ. ನಮಗೆ ಪ್ರಾಜೆಕ್ಟ್ ಸಿಗೋದು ಮೂರು ವರ್ಷಕ್ಕೆ. ಮೊದಲ ವರ್ಷ ಜೆಆರ್‌ಎಫ್ (ಸಂಶೋಧನೆ ಮಾಡೋ ಹುಡುಗರ) ನೇಮಕ, ಸಾಮಾನು ಖರೀದಿ ಅನ್ನೋದ್ರಲ್ಲಿ ಮುಗಿಯುತ್ತೆ, ಮಾರ್ಚ್ 31ರೊಳಗೆ ಖರ್ಚು ಮಾಡಿ ಯುಟಿಲೈಸೇಶನ್ ಸರ್ಟಿಫಿಕೇಟ್ (ದುಡ್ಡು ಬಳಸಿದ್ದಕ್ಕೆ ಲೆಕ್ಕ) ಕಳಿಸಬೇಕು, ಮುಂದಿನ ಕಂತು ಯಾವಾಗ ಬರುತ್ತೋ, ಅಷ್ಟರಲ್ಲಿ ಮುಂಗಾರು ಬಂದು ಹೋಗಿರುತ್ತೆ. ಆದ್ರೆ ಮಣ್ಣಿನ ಸಾವಯವ ಇಂಗಾಲ ಮೂರು ವರ್ಷದಲ್ಲಿ ಅಳೆಯೋ ಅಷ್ಟು ಬದಲಾಗೋದೇ ಕಷ್ಟ, ನಮ್ಮ ಕೆಂಪು ಮರಳು ಮಿಶ್ರಿತ ಮಣ್ಣಲ್ಲಿ ಮೊದಲೇ ಅದು ಅರ್ಧ ಪರ್ಸೆಂಟ್ ಆಸುಪಾಸು. ಹತ್ತು, ಹದಿನೈದು, ಇಪ್ಪತ್ತು ವರ್ಷ ಅದೇ ಜಾಗದಲ್ಲಿ ನೋಡಿದ್ರೆ ಮಾತ್ರ ಹೇಳಬಹುದು. ಲೀಸ್ 25 ವರ್ಷ, ಸಂಶೋಧನೆ ಮೂರು ವರ್ಷ, ಇದು ಕೂಡಲ್ಲ.

ಎರಡನೇದು ಬೇಸ್‌ಲೈನ್, ಅಂದ್ರೆ ಕೆಲಸ ಶುರು ಆಗೋ ಮುಂಚಿನ ಸ್ಥಿತಿಯ ದಾಖಲೆ. ಥರ್ಮಲ್ ಪ್ಲಾಂಟ್ ಹಾಕಬೇಕಂದ್ರೆ ಪರಿಸರ ಪರಿಣಾಮದ ವರದಿ ಬೇಕು, ಅದ್ರಲ್ಲಿ ಮಣ್ಣಿಗೆ ಒಂದು ಅಧ್ಯಾಯ ಇರುತ್ತೆ. ಸೋಲಾರ್ ಪಿವಿಗೆ 2006ರ ಇಐಎ ಅಧಿಸೂಚನೆ ಅನ್ವಯ ಆಗಲ್ಲ. ಹಾಗಾಗಿ ಗ್ರೇಡರ್ ಬರೋ ಮುಂಚೆ ಯಾರೂ ಒಂದು ಗುಂಡಿ ತೋಡಿ ನೋಡೋ ಅಗತ್ಯಾನೇ ಬರಲಿಲ್ಲ. ತುಮಕೂರೂ ಸೇರಿ ಹನ್ನೊಂದು ಜಿಲ್ಲೇಲಿ ಸುಜಲ-3 ಯೋಜನೆಯಲ್ಲಿ ಭೂಸಂಪನ್ಮೂಲ ಸಮೀಕ್ಷೆ ನಡೀತು, ವಿಶ್ವಬ್ಯಾಂಕ್ ದುಡ್ಡು, ಹೆಬ್ಬಾಳದ ಮಣ್ಣು ಸಮೀಕ್ಷೆ ಸಂಸ್ಥೆಯವರೂ ಕೃಷಿ ವಿವಿಗಳೂ ಸೇರಿ ಮಾಡಿದ್ದು, ಕಿರುಜಲಾನಯನ (ಒಂದೇ ಹಳ್ಳಕ್ಕೆ ಮಳೆನೀರು ಹರಿಯೋ ಸಣ್ಣ ಪ್ರದೇಶ) ಮಟ್ಟದಲ್ಲಿ ಮಣ್ಣಿನ ಆಳ, ಇಳಿಜಾರು, ಗರಸು ಎಷ್ಟು ಅಂತೆಲ್ಲ ಇದೆ. ಕೆಂಪುಮಣ್ಣು ಅವರೇ, ನಿಮ್ಮ ಕಿರುಜಲಾನಯನ ಅದ್ರಲ್ಲಿ ಬಂದಿದೆಯಾ ಅಂತ ಮೊದಲು ಜಲಾನಯನ ಇಲಾಖೇಲಿ ವಿಚಾರಿಸಿ. ಬಂದಿದ್ರೆ ಅದೇ ನಿಮ್ಮ ಕಾಗದ.

ಮೂರನೇದು ಹೇಳೋಕೇ ಬೇಜಾರು. ಒಂದು ಕಡೆ ಕಂಪನೀನೇ ದುಡ್ಡು ಕೊಟ್ಟು ಸ್ಟಡಿ ಮಾಡಿಸ್ತು, ನಾನು ಅದ್ರಲ್ಲಿ ಕೆಲಸ ಮಾಡ್ದೆ. ಒಪ್ಪಿಗೆ ಇಲ್ಲದೆ ಡೇಟಾ ಹೊರಗೆ ಕೊಡಬಾರದು ಅಂತ ಷರತ್ತು. ಎರಡು ಮಳೆಗಾಲ ಬೇಲಿ ಒಳಗೆ ಮೊಣಕಾಲೂರಿ ಇನ್‌ಫಿಲ್ಟ್ರೇಶನ್ (ನೀರು ಇಂಗೋ ವೇಗ) ಅಳತೆ ತಗೊಂಡಿದೀನಿ. ಜೋಡಿ ಉಂಗುರ ನೆಲಕ್ಕೆ ಬಡಿದು ನೀರು ಹಾಕಿ ಗಡಿಯಾರ ನೋಡ್ತಾ ಕೂರಬೇಕು. ವಾಹನ ಓಡಾಡಿದ ಸಾಲಲ್ಲಿ ನೀರು ಇಂಗೋದೇ ಇಲ್ಲ, ಕನ್ನಡಿ ಥರ ನಿಂತ್ಕೊಂಡಿರುತ್ತೆ. ಅದೇ ಪ್ಯಾನೆಲ್ ನೆರಳಲ್ಲಿ ಮಣ್ಣು ತಂಪಾಗಿದೆ, ತೇವ ಇದೆ, ಎರೆಹುಳ ಹಿಕ್ಕೆ ಕೂಡ ನೋಡಿದೀನಿ. ಅಂದ್ರೆ ಎಲ್ಲಾನೂ ಕೆಟ್ಟಿಲ್ಲ, ಒಳ್ಳೇದೂ ಆಗಬಹುದು! ಆ ವರದಿ ಇವತ್ತಿಗೂ ಒಂದು ಪೆನ್‌ಡ್ರೈವ್‌ನಲ್ಲಿ ಕೂತಿದೆ.

ಗುಡ್ಡದ_ಓರಿ

ನಮ್ಮ ಕಡಿ ಸೋಲಾರ್ ಕಡಿಮಿರೀ, ಗಾಳಿಯಂತ್ರ ಹೆಚ್ಚು. ಗದಗ ಜಿಲ್ಲಾ. ಫ್ಯಾನ್ ನಿಂದ್ರಸಾಕ ಜಾಗ ಭಾಳ ಹತ್ತಂಗಿಲ್ಲ, ಖರೆ ಐತಿ. ಆದ್ರ ಆ ಉದ್ದನ ರೆಕ್ಕಿ ಹೊತ್ತ ಲಾರಿ ಗುಡ್ಡ ಹತ್ತಾಕ ರಸ್ತಾ ಬೇಕಲ್ರೀ, ಓರಿ (ಗುಡ್ಡದ ಇಳಿಜಾರು) ಕಡದು ರಸ್ತಾ ಮಾಡ್ತಾರ, ಕಡದ ಮಣ್ಣು ಕೆಳಗ ಸುರೀತಾರ, ಮಳಿ ಬಂತಂದ್ರ ಅದು ಹಳ್ಳಕ್ಕ, ಹಳ್ಳದಿಂದ ಕೆರಿಗೆ. ನಮ್ಮ ಕಾಕಾ ಕುರಿ ಕಾಯ್ತಾರ, ಮೊದಲ ಆ ಓರಿಮ್ಯಾಲೆ ಮೊಳಕಾಲ ಮಟ ಹುಲ್ಲು ಇರ್ತಿತ್ತು, ಈಗ ರಸ್ತಾದ ಎರಡೂ ಬಾಜು ಬರೇ ಕಲ್ಲ ಉಳದಾವು ಅಂತಾರ. ಕಪ್ಪತಗುಡ್ಡ 2019ರಾಗ ವನ್ಯಧಾಮ ಆತು, ಅಲ್ಲಿ ಔಷಧಿ ಗಿಡ ಅದಾವು ಅಂತ ಎಲ್ಲಾರಿಗೂ ಗೊತ್ತೈತಿ, ಆದ್ರ ಸುತ್ತಲಿನ ಸಣ್ಣ ಗುಡ್ಡಗಳನ್ನ ಕೇಳೋರ್ಯಾರು?

ಸುಮ್ನ ನೋಡ್ಕೋತ ಕುಂತ್ರ ಏನೂ ಗೊತ್ತಾಗಂಗಿಲ್ಲ, ಎಣಸಬೇಕು. ಮಹಾರಾಷ್ಟ್ರದ ಸಾತಾರಾ ಹತ್ರ ಚಾಳಕೇವಾಡಿ ಪಠಾರದಾಗ ಐಐಎಸ್‌ಸಿಯ ಮಾರಿಯಾ ಥಾಕರ್ ಅವರ ತಂಡ ಗಾಳಿಯಂತ್ರ ಇರೋ ಕಡಿ, ಇಲ್ಲದ ಕಡಿ ಎರಡೂ ಎಣಿಸಿ 2018ರಾಗ ಪ್ರಕಟ ಮಾಡ್ತು. ಯಂತ್ರ ಇದ್ದಲ್ಲಿ ಹದ್ದು ಗಿಡುಗ ಸುಮಾರು ನಾಕು ಪಟ್ಟು ಕಡಿಮಿ, ಅವು ಇಲ್ಲಾಂತ ಓತಿಕ್ಯಾತ ಹೆಚ್ಚು. ಯಾರಾರ ಮೊದಲ ಹಿಂಗಂತ ಹೇಳಿದ್ರ ನಂಬ್ತಿದ್ರೇನು? ಅದರಂಗ ನೆಲದ ಹುಲ್ಲಿಗೂ ಒಬ್ಬರು ಎಣಸವರು ಬೇಕ್ರೀ, ಅವರಿಗೆ ಪಗಾರ ಬೇಕು.

ಕ್ಯಾಲ್ಗರಿ_ಕನ್ನಡಿಗ

ನಾನು ಮೂಲತಃ ಹಾಸನದ ಕಡೆ, ಹನ್ನೆರಡು ವರ್ಷದಿಂದ ಕೆನಡಾದ ಆಲ್ಬರ್ಟಾದಲ್ಲಿ ಭೂ ಪುನಶ್ಚೇತನದ ಕೆಲಸ. ಇಲ್ಲಿ ತೈಲ, ಗ್ಯಾಸ್ ಬಾವಿಗಳು ಲಕ್ಷಗಟ್ಟಲೆ. ಇಲ್ಲಿಯ ರೂಢಿ ಹೇಳ್ತೀನಿ, ನಿಮಗೆ ಹೊಂದೋದು ತಗೊಳ್ಳಿ. ನೆಲ ಮುಟ್ಟೋ ಮುಂಚೆ ಮೇಲ್ಮಣ್ಣನ್ನ ಬೇರೆ ಕೆರೆದು, ಕೆಳಮಣ್ಣನ್ನ ಬೇರೆ ಕೆರೆದು, ಎರಡು ಬೇರೆ ಗುಡ್ಡೆ ಹಾಕಬೇಕು. ಕೆಲಸ ಮುಗಿದ್ಮೇಲೆ ಅದೇ ಕ್ರಮದಲ್ಲಿ ವಾಪಸ್ ಹರಡಿ, ಗಿಡ ಬಂದಿದೆ ಅಂತ ತೋರ್ಸಿ, ಸರ್ಕಾರದ ಸರ್ಟಿಫಿಕೇಟ್ ತಗೊಂಡ್ಮೇಲೇ ಕಂಪನಿಗೆ ಬಿಡುಗಡೆ. ಮಾಲೀಕರಿಲ್ಲದ ಅನಾಥ ಬಾವಿಗಳಿಗೆ ಅಂತ ಇಡೀ ಉದ್ಯಮದ ಮೇಲೆ ವಂತಿಗೆ ಇದೆ. ಸಂಶೋಧನೆಗೆ ಕಂಪನಿ ಒಂದು ಪಾಲು ಹಾಕಿದ್ರೆ ಕೇಂದ್ರದ ಸಂಶೋಧನಾ ಮಂಡಳಿ ತನ್ನ ಪಾಲು ಸೇರಿಸಿ ವಿವಿಗೆ ಕೊಡೋ ಪದ್ಧತಿ ಇದೆ.

ಆದ್ರೂ ಎಲ್ಲ ಸರಿ ಇದೆ ಅಂತ ಅಂದ್ಕೋಬೇಡಿ. ಹಿಂದೆ ಹುಲ್ಲು ಬೇಗ ಹಿಡೀಲಿ ಅಂತ ಹೊರಗಿಂದ ತಂದ ಕ್ರೆಸ್ಟೆಡ್ ವೀಟ್‌ಗ್ರಾಸ್ ಬೀಜ ಚೆಲ್ಲಿದ್ರು. ದಶಕಗಳೇ ಕಳೆದ್ರೂ ಆ ಜಾಗಗಳಲ್ಲಿ ಅದೇ ತುಂಬ್ಕೊಂಡಿದೆ, ಮೂಲದ ಪ್ರೇರಿ ಹುಲ್ಲು ವಾಪಸ್ ಬರ್ತಾನೇ ಇಲ್ಲ. ನಮ್ಮೂರಲ್ಲಿ ಬಳ್ಳಾರಿ ಜಾಲಿ ಆಗಿದ್ದೂ ಇದೇ ಅಲ್ವಾ, ಸೌದೆ ಆಗುತ್ತೆ, ನೆಲ ಹಸಿರಾಗುತ್ತೆ ಅಂತ ತಂದಿದ್ದು. ಹಸಿರು ಕಂಡ ತಕ್ಷಣ ನೆಲ ಸರಿಹೋಯ್ತು ಅಂತ ಬರೆದುಕೊಟ್ಟ ತಪ್ಪು ಅದು. ಅದಕ್ಕೇ ಕೆಂಪುಮಣ್ಣು ಅವರ ಅಮ್ಮನ ಸೊಪ್ಪಿನ ಪಟ್ಟಿ ನನಗೆ ತುಂಬ ಮುಖ್ಯ ಅನ್ನಿಸ್ತು, ಯಾವ ಗಿಡ ಇತ್ತು ಅಂತ ಹೆಸರು ಹಿಡಿದು ಹೇಳೋರು ಅವರೇ.

ಕಾವಲು

ಒಂದು ವಿಷಯ ಬಿಟ್ಟುಹೋಗ್ತಿದೆ. ಲೀಸ್ ಜಮೀನಿಗಾದ್ರೂ ಒಬ್ಬ ರೈತ ಇದಾನೆ ಕೇಳೋಕೆ. ಹುಲ್ಲುಗಾವಲಿಗೆ ಯಾರಿದಾರೆ? ಚಳ್ಳಕೆರೆ ಕಡೆ ಅಮೃತಮಹಲ್ ಕಾವಲುಗಳಲ್ಲಿ (ಆ ತಳಿ ದನ ಮೇಯೋಕೆ ಬಿಟ್ಟ ಹುಲ್ಲುಗಾವಲು) ಸುಮಾರು 10,000 ಎಕರೆ ರಕ್ಷಣಾ, ವಿಜ್ಞಾನ ಸಂಸ್ಥೆಗಳಿಗೂ ಒಂದು ಸೋಲಾರ್ ಯೋಜನೆಗೂ ಹೋಯ್ತು, ಹಸಿರು ನ್ಯಾಯಮಂಡಳಿ ತನಕ ಕೇಸ್ ಹೋಗಿದ್ದು ನೆನಪಿರಬಹುದು. ಇಂಥ ನೆಲ ಎಲ್ಲ ಸರ್ಕಾರಿ ನಕ್ಷೇಲಿ ಬಂಜರು ಅಂತ ಬರುತ್ತೆ. ಬಂಜರು ಅಂತ ಒಂದ್ಸಲ ಬರೆದ್ಮೇಲೆ ಅಲ್ಲಿ ಏನಿತ್ತು ಅಂತ ಓದೋಕೆ ಯಾವ ಇಲಾಖೆ ದುಡ್ಡು ಕೊಡುತ್ತೆ? ಕಾಡು ಹೋದ್ರೆ ಅದಕ್ಕೆ ಬದಲಾಗಿ ಕಾಡು ಬೆಳೆಸೋಕೆ ಅಂತ ಇರೋ ಕ್ಯಾಂಪಾ ನಿಧಿಗಾದ್ರೂ ಕಟ್ಟಬೇಕು. ಹುಲ್ಲು ಹೋದ್ರೆ ಅದೂ ಇಲ್ಲ.

ಗ್ರಿಡ್_ಕೆಲಸದವ

ಎರಡು ದಿನದಿಂದ ಓದ್ತಿದೀನಿ. ಒಂದು ಪೈಸೆ ಲೆಕ್ಕ ನಾನೂ ಹಾಕ್ದೆ, ಸರಿ ಇದೆ. ನನ್ನ ಮಾತು ಸ್ವಲ್ಪ ತಿದ್ಕೋತೀನಿ. ನಡುವಲ್ಲಿ ಸೆಸ್ ಹಾಕಿದ್ರೆ ಕಷ್ಟ, ಆದ್ರೆ ಟೆಂಡರ್ ಷರತ್ತಲ್ಲೇ ಮೊದಲೇ ಇದ್ರೆ ಎಲ್ಲ ಬಿಡ್ಡರ್‌ಗೂ ಒಂದೇ, ಎಲ್ರೂ ಅದನ್ನ ಸೇರಿಸ್ಕೊಂಡೇ ರೇಟ್ ಹಾಕ್ತಾರೆ. ಮಣ್ಣಿನ ಬೇಸ್‌ಲೈನ್ ವರದಿ ಇಲ್ಲದೆ ಗ್ರೇಡಿಂಗ್ ಶುರು ಮಾಡಬಾರದು, ಯೂನಿಟ್‌ಗೆ ಇಂತಿಷ್ಟು ಪ್ರತ್ಯೇಕ ಖಾತೆಗೆ, ಸಂಶೋಧಕರಿಗೆ ಬೇಲಿ ಒಳಗೆ ಪ್ರವೇಶ, ಈ ಮೂರು ಸಾಲು ಸಾಕು. ಇನ್ನೊಂದು, ನಾನು ಕಂಡ ಹಾಗೆ ಎಲ್ಲ ಕಡೆ ಗ್ರೇಡಿಂಗ್ ಬೇಕಾಗೇ ಇರಲ್ಲ. ಸ್ಟ್ರಕ್ಚರ್‌ನ ನೆಲದ ಏರಿಳಿತಕ್ಕೆ ಹೊಂದಿಸಿ ಪೈಲ್ (ಪ್ಯಾನೆಲ್ ನಿಲ್ಲಿಸೋ ಕಂಬ) ಹೊಡೀಬಹುದು, ಬದು ಉಳಿಸಬಹುದು. ಬೇಗ ಆಗಲಿ ಅಂತ ಸಮ ಮಾಡಿಬಿಡ್ತಾರೆ ಅಷ್ಟೇ. ಬದು ಉಳಿಸಿದ್ರೆ ಮಳೇಲಿ ಎಷ್ಟು ಮಣ್ಣು ಉಳಿಯುತ್ತೆ ಅಂತ ಯಾರಾದ್ರೂ ಅಳೆದುಕೊಟ್ರೆ ನಾನೇ ನಮ್ಮ ಡಿಸೈನ್ ಟೀಮ್ ಮುಂದೆ ಇಟ್ಟು ವಾದ ಮಾಡ್ತೀನಿ.

ಪ್ರೊಫೈಲ್_ಗುಂಡಿ

ಗ್ರಿಡ್ ಸರ್, ನಾಲ್ಕನೇ ಸಾಲು ಸೇರ್ಸಿ, ಡೇಟಾ ಪ್ರಕಟ ಮಾಡೋ ಹಕ್ಕು. ಖಾತೆ ಕಂಪನಿ ಕೈಯಲ್ಲಿ ಇರಬಾರದು, ಕೃಷಿ ವಿವಿ, ಪಂಚಾಯ್ತಿ, ರೈತರು ಕೂತಿರೋ ಸಮಿತಿ ಹತ್ರ ಇರಲಿ.

ಕೆಂಪುಮಣ್ಣು ಅವರೇ, ದುಡ್ಡು ಬರೋ ತನಕ ಕಾಯಬೇಡಿ. ನಿಮ್ಮ ಉಳಿದ ಒಂದು ಎಕರೆ ಇದೆಯಲ್ಲ, ಪಕ್ಕದ್ದೇ ಮಣ್ಣು, ಅದೇ ಮಳೆ, ಗ್ರೇಡರ್ ಮುಟ್ಟಿಲ್ಲ, ಅದು ನಮ್ಮ ಭಾಷೇಲಿ ಕಂಟ್ರೋಲ್ ಪ್ಲಾಟ್, ಅಂದ್ರೆ ಹೋಲಿಸಿ ನೋಡೋಕೆ ಇರೋ ಜಾಗ. ಗರಸು ಬಂದು ಕೂತಿರೋ ಅಂಚು ಬಿಟ್ಟು ತೆಗೀರಿ. ಹಾವಿನ ಹಾಗೆ ಅಡ್ಡಾದಿಡ್ಡಿ ನಡ್ಕೊಂಡು ಹತ್ತು ಹದಿನೈದು ಕಡೆ, ಬದು, ಗೊಬ್ಬರದ ಗುಂಡಿ, ಮರದ ಬುಡ ಬಿಟ್ಟು, ಮೇಲಿನ ಕಸ ಸರಿಸಿ ವಿ ಆಕಾರದಲ್ಲಿ 15 ಸೆಂಟಿಮೀಟರ್ ಗುಂಡಿ ತೋಡಿ, ಪಕ್ಕದಿಂದ ಎರಡು ಬೆರಳು ದಪ್ಪ ಮಣ್ಣು ಮೇಲಿಂದ ಕೆಳಗೆ ಕೆರೀರಿ. ಎಲ್ಲ ಬೆರೆಸಿ ನಾಲ್ಕು ಭಾಗ ಮಾಡಿ ಎದುರುಬದುರು ಎರಡು ಭಾಗ ಬಿಸಾಕಿ, ಅರ್ಧ ಕೆಜಿ ಉಳಿಯೋ ತನಕ ಹಿಂಗೇ ಮಾಡಿ. ನೆರಳಲ್ಲಿ ಒಣಗಿಸಿ, ಬಟ್ಟೆ ಚೀಲ, ಒಳಗೆ ಚೀಟಿ. ಬೇಲಿ ಒಳಗಿಂದಾನೂ ತೆಗೆಯೋಕೆ ಪರ್ಮಿಷನ್ ಕೇಳಿ, ಪ್ಯಾನೆಲ್ ಕೆಳಗೆ ಒಂದು, ನೀರು ಬೀಳೋ ಗೆರೇಲಿ ಒಂದು, ಗಾಡಿ ಓಡಾಡೋ ಸಾಲಲ್ಲಿ ಒಂದು. ಪರೀಕ್ಷೆ ಖರ್ಚು ನಾನು ನೋಡ್ಕೋತೀನಿ.

ಗ್ರಿಡ್_ಕೆಲಸದವ

ಪರ್ಮಿಷನ್ ಲೆಟರ್ ನಾನು ಬರೆದುಕೊಡ್ತೀನಿ, ಯಾವ ಮಾತು ಹಾಕಿದ್ರೆ ಸೈಟ್ ಮ್ಯಾನೇಜರ್ ಬೇಡ ಅನ್ನಲ್ಲ ಅಂತ ಗೊತ್ತಿದೆ. ಇನ್‌ಬಾಕ್ಸ್ ನೋಡಿ.

ಕೆಂಪುಮಣ್ಣು

ಹತ್ತು ದಿನ ಆಯ್ತು, ಏನಾಯ್ತು ಅಂತ ಹೇಳ್ತೀನಿ. ಗ್ರಿಡ್ ಸರ್ ಬರೆದ ಲೆಟರ್ ಕೊಟ್ಟೆ, ಮ್ಯಾನೇಜರ್ ಒಂದು ಸಲಕ್ಕೆ ಮಾತ್ರ ಅಂತ ಸೈನ್ ಹಾಕಿದ್ರು, ಸೆಕ್ಯುರಿಟಿ ಜೊತೇಲೇ ಬಂದ. ಭಾನುವಾರ ಬೆಳಿಗ್ಗೆ ಅಪ್ಪ ಗುದ್ದಲಿ ಹಿಡ್ಕೊಂಡ್ರು. ನಮ್ಮ ಎಕರೇಲಿ ಗುದ್ದಲಿ ಒಂದೇ ಏಟಿಗೆ ಇಳೀತು. ಬೇಲಿ ಒಳಗೆ ಗಾಡಿ ಸಾಲಲ್ಲಿ ನಾಲ್ಕು ಏಟು ಹಾಕಿದ್ರೂ ಬರೀ ಚಕ್ಕೆ ಎದ್ದಿದ್ದು. ಅಪ್ಪ ಏನೂ ಮಾತಾಡಲಿಲ್ಲ, ಆ ಚಕ್ಕೆ ಕೈಯಲ್ಲಿ ಹಿಡ್ಕೊಂಡು ಸ್ವಲ್ಪ ಹೊತ್ತು ನಿಂತಿದ್ರು, ಇದು ನಮ್ಮ ಹೊಲದ ಮೂಲೆ, ಇಲ್ಲಿ ಎತ್ತು ಕಟ್ತಿದ್ದೆ ಅಂದ್ರು.

ಅವ್ವನ್ನೂ ಕರ್ಕೊಂಡು ಹೋಗಿದ್ದೆ. ನಮ್ಮ ಎಕರೇಲಿ ಅವ್ವ ಒಂದೊಂದೇ ಕಿತ್ತು ಹೆಸರು ಹೇಳ್ತು, ತಂಗಿ ಬರ್ಕೊಂಡ್ಳು, ಹದಿನೇಳು ಗಿಡ. ಬೇಲಿ ಒಳಗೆ ಐದು. ಆದ್ರೆ ಒಂದು ಆಶ್ಚರ್ಯ, ಪ್ಯಾನೆಲ್ ನೆರಳಲ್ಲಿ, ಔಷಧಿ ತಾಗದ ಒಂದು ಮೂಲೇಲಿ, ಕನ್ನೆಸೊಪ್ಪು ಮೊಣಕೈ ಉದ್ದ ಬಂದಿತ್ತು, ನಮ್ಮ ಹೊಲದಲ್ಲಿ ಅಷ್ಟು ಎಳೇದು ಈಗ ಸಿಗಲ್ಲ. ಔಷಧಿ ಹೊಡಿಯೋ ಜಾಗದ ಪಕ್ಕ, ತಿನ್ನಬೇಡ ಅಂದೆ, ಅವ್ವ ಕಿತ್ತು ನೋಡಿ ಅಲ್ಲೇ ಬಿಟ್ಟು ಬಂತು.

ಜಲಾನಯನ ಇಲಾಖೇಲಿ ಸರ್ವೆ ನಂಬರ್ ಬರ್ಕೊಂಡಿದಾರೆ, ಮುಂದಿನ ವಾರ ಬಾ ಅಂದಿದಾರೆ. ಪಂಚಾಯ್ತಿ ಸಭೆಗೆ ಆ ನಾಲ್ಕು ಸಾಲು ಅರ್ಜಿ ಮಾಡಿ ಕೊಟ್ಟಿದೀನಿ, ಪಕ್ಕದೂರಲ್ಲಿ ಹೊಸ ಪ್ಲಾಂಟ್‌ಗೆ ಸರ್ವೆ ನಡೀತಿದೆ, ಅಲ್ಲಿ ಇನ್ನೂ ಗ್ರೇಡರ್ ಬಂದಿಲ್ಲ. ಪ್ರೊಫೈಲ್ ಗುಂಡಿ ಅವರೇ, ಚೀಲ ನಾಲ್ಕೂ ಒಣಗಿದೆ, ಚೀಟೀಲಿ ದಿನಾಂಕ, ಆಳ, ಜಾಗ ಬರೆದಿದೀನಿ. ಗುರುವಾರ ಬೆಳಗಿನ ಬಸ್ಸಿಗೆ ತರ್ತೀನಿ, ಯಾವ ಗೇಟ್ ಹತ್ರ ಬರಲಿ ಹೇಳಿ.